ಮಗು ಓದುವಾಗ ಕೇಳುವವರು ಯಾರು?



ಅಕ್ಷರ ಕಲಿಸುವ ತಂತ್ರಜ್ಞಾನ ಎಂದೊಡನೆ ಇಂದು ಮೊಬೈಲು, ಟ್ಯಾಬ್ಲೆಟ್ಟು ನೆನಪಾಗುತ್ತವೆ. ನಮ್ಮ ಹಳೆಯ ಮಠಗಳಲ್ಲಿ ಮರಳು ಹರವಿ ಬೆರಳಿನಿಂದ ತಿದ್ದಿಸುತ್ತಿದ್ದುದೂ ತಂತ್ರಜ್ಞಾನವೇ. ಕಾಗದ ಬೇಡ, ಮಸಿ ಬೇಡ. ತಪ್ಪಿದರೆ ಅಂಗೈಯಿಂದ ಸವರಿ ಮತ್ತೆ ಬರೆದರಾಯಿತು. ಮದ್ರಾಸಿನ ಅನಾಥ ಬಾಲಕರ ಶಾಲೆ ನೋಡಿಕೊಳ್ಳುತ್ತಿದ್ದ ಆ್ಯಂಡ್ರೂ ಬೆಲ್ ಇಂಥದೊಂದು ಊರಶಾಲೆಯನ್ನು ಕಂಡು, ಈ ಕ್ರಮವನ್ನು ತನ್ನ ಶಾಲೆಗೂ ತಂದ. 1797ರಲ್ಲಿ ಲಂಡನ್ನಿನಲ್ಲಿ ಆ ಅನುಭವವನ್ನು ಪುಸ್ತಕವಾಗಿ ಪ್ರಕಟಿಸಿದ. ಮುಂದೆ ಇಂಗ್ಲೆಂಡಿನ ಬಡಮಕ್ಕಳೂ ಮರಳಿನಲ್ಲೇ ಅಕ್ಷರ ತಿದ್ದಿದರು. ಮಗು ಅಕ್ಷರವನ್ನು ಗಟ್ಟಿಯಾಗಿ ಹೇಳುತ್ತಲೇ ಬರೆಯುತ್ತಿತ್ತು. ಕೇಳಿ ತಿದ್ದುವವರು ಪಕ್ಕದಲ್ಲೇ ಇರುತ್ತಿದ್ದರು. ಆ ವಿಧಾನದ ಶಕ್ತಿ ಇದ್ದದ್ದು ಅಲ್ಲಿ ಎಂದು ನನ್ನ ನಂಬಿಕೆ.

ಸ್ಲೇಟು, ಬಳಪದ ಕಾಲ ನಿಮಗೆ ಗೊತ್ತೇ ಇದೆ. ಮುಂದೆ, 1975ರ ಆಗಸ್ಟ್ 1ರಂದು, ಪಾಠ ಆಕಾಶದಿಂದಲೇ ಇಳಿಯಿತು. ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಬಂತು. ಇದೇ 'ಸೈಟ್' ಪ್ರಯೋಗ. ನಮ್ಮಲ್ಲಿ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳು ಅದರಲ್ಲಿದ್ದವು. ತಂತಿಬಲೆಯ ದೊಡ್ಡ ಆಂಟೆನಾದಡಿ ಕೂತ ಮಕ್ಕಳು ಬೆಳಿಗ್ಗೆ ಸುಮಾರು 22 ನಿಮಿಷ ಕಾರ್ಯಕ್ರಮ ನೋಡುತ್ತಿದ್ದರು. ವರ್ಷಕ್ಕೆ ಪ್ರಯೋಗ ಮುಗಿಯಿತು. ಜಗತ್ತನ್ನು ತೋರಿಸಲು ಟಿವಿ ಸಮರ್ಥವಾಗಿತ್ತು. ಆದರೆ ಮಗು ಏನು ಹೇಳಿತೆಂದು ಅದಕ್ಕೆ ತಿಳಿಯುವಂತಿರಲಿಲ್ಲ.

ಈ ಕೊರತೆಗೆ ಒಂದು ಉಪಾಯ ಹುಡುಕಿದ್ದು ರೇಡಿಯೋ. ಒಂದರಿಂದ ಮೂರನೆಯ ತರಗತಿಯ ಮಕ್ಕಳಿಗಾಗಿ ಈ ಶತಮಾನದ ಮೊದಲ ವರ್ಷಗಳಲ್ಲಿ ಆಕಾಶವಾಣಿಯಲ್ಲಿ ಬರುತ್ತಿದ್ದ 'ಚಿನ್ನರ ಚುಕ್ಕಿ' ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಇಂಥ ಪಾಠದಲ್ಲಿ ರೇಡಿಯೋದ ದನಿ ಪ್ರಶ್ನೆ ಕೇಳಿ ಸುಮ್ಮನಾಗುತ್ತದೆ. ಆ ಬಿಡುವಿನಲ್ಲಿ ಮಕ್ಕಳು ಉತ್ತರ ಹೇಳಬೇಕು, ಹಾಡಬೇಕು, ಬರೆಯಬೇಕು, ಟೀಚರ್ ಕಿವಿಗೊಡಬೇಕು. ಆ ಕೆಲವು ಕ್ಷಣದ ಮೌನವನ್ನು ನಾನು ದೊಡ್ಡ ಶೋಧನೆ ಎನ್ನುತ್ತೇನೆ. ಟೀಚರ್ ಬದಿಗೆ ಸರಿದರೆ ಪಾಠವೇ ನಡೆಯದು.

2004ರಲ್ಲಿ ಪಾಠ ಹೇಳಲೆಂದೇ ಎಜುಸ್ಯಾಟ್ ಉಪಗ್ರಹ ಮೇಲೇರಿತು. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಅದರ ಪಾಠಗಳು ಬಂದವು. ಮಗುವಿನ ದನಿಗೆ ಯಂತ್ರವೇ ಕಿವಿಗೊಟ್ಟದ್ದು ಆಮೇಲೆ: 2019ರಲ್ಲಿ ಹಿಂದಿ, ಇಂಗ್ಲಿಷಿನಲ್ಲಿ ಹೊರಬಂದ ಗೂಗಲ್‌ನ 'ಬೋಲೋ' ಆ್ಯಪ್, ಮಗು ಗಟ್ಟಿಯಾಗಿ ಓದಿದರೆ ಕೇಳಿಸಿಕೊಂಡು, ಎಡವಿದಲ್ಲಿ ಉಚ್ಚಾರ ಹೇಳಿಕೊಡತೊಡಗಿತು. ಯಂತ್ರಕ್ಕೆ ಕಿವಿ ಬಂದದ್ದು ಸಣ್ಣ ಸಂಗತಿಯಲ್ಲ. ಮನೆಯಲ್ಲಿ ಓದುಬಲ್ಲವರೇ ಇಲ್ಲದ ಮಗುವಿಗೆ ಅದು ನಿಜವಾದ ಆಸರೆ. ಆದರೂ ಮಗು ಪದವನ್ನು ಸರಿಯಾಗಿ ಉಚ್ಚರಿಸಿತೇ ಎಂಬುದು ಒಂದು, ಓದಿದ್ದು ಅದಕ್ಕೆ ಅರ್ಥವಾಯಿತೇ ಎಂಬುದು ಇನ್ನೊಂದು.

ತಂದೆತಾಯಂದಿರಲ್ಲಿ, ಅಜ್ಜ ಅಜ್ಜಿಯರಲ್ಲಿ ನನ್ನ ವಿನಂತಿ: ಆ್ಯಪ್ ಇರಲಿ, ಬೇಡವೆನ್ನುವುದಿಲ್ಲ. ದಿನಕ್ಕೆ ಹತ್ತು ನಿಮಿಷ ಮಗುವಿನ ಪಕ್ಕ ಕೂತು ಅದು ಓದುವುದನ್ನು ಕೇಳಿ. ನಿಮಗೆ ಓದಲು ಬಾರದಿದ್ದರೂ ಚಿಂತೆಯಿಲ್ಲ. ಓದಿ ಮುಗಿಸಿದ ಮೇಲೆ ಕಥೆಯಲ್ಲಿ ಏನಾಯಿತೆಂದು ಕೇಳಿ.