ಕಾಲೇಜಿಗೆ ಬಂದ ಕಾರ್ಖಾನೆ ಹೆಣ್ಣುಮಕ್ಕಳು
(ಸ್ವಸಹಾಯ ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ ಆಡಿದ ಮಾತು)



ಎರಡು ದಿನದ ವಸತಿ ತರಬೇತಿ ಇದೆ ಅಂತ ಹೇಳಿಕಳಿಸಿದರೆ ನಮಗೆ ಮೊದಲು ಬರುವ ಪ್ರಶ್ನೆ, "ಸಿಸ್ಟರ್, ರಾತ್ರಿ ಮನೆಗೆ ಹೋಗಿ ಬರೋಕೆ ಆಗಲ್ವಾ?" ಎಂಬುದೇ. ಹಸು ಕರೆಯಬೇಕು, ಮಕ್ಕಳಿಗೆ ಅಡುಗೆ ಆಗಬೇಕು, ಅತ್ತೆಗೆ ಹುಷಾರಿಲ್ಲ. ಇದ್ಯಾವುದೂ ಸುಳ್ಳಲ್ಲ. ಅದಕ್ಕೇ ಇವತ್ತು ಎಂಟು ವಾರ ಮನೆ ಬಿಟ್ಟು ಕಾಲೇಜಿನಲ್ಲಿ ಉಳಿದ ದುಡಿಯುವ ಹೆಂಗಸರ ವಿಷಯ ಹೇಳುತ್ತೇವೆ.

ಇದು ನಡೆದದ್ದು ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಬ್ರಿನ್ ಮಾರ್ ಮಹಿಳಾ ಕಾಲೇಜಿನಲ್ಲಿ. ಅನುಕೂಲಸ್ಥರ ಮನೆ ಹೆಣ್ಣುಮಕ್ಕಳು ಓದುತ್ತಿದ್ದ ಜಾಗ ಅದು. ಬೇಸಿಗೆ ರಜೆಯಲ್ಲಿ ಖಾಲಿ ಇರುವ ಹಾಸ್ಟೆಲನ್ನು ಕಾರ್ಖಾನೆ ಕೆಲಸದ ಹೆಂಗಸರಿಗೆ ಕೊಡೋಣ ಎಂದು ಕಾಲೇಜಿನ ಅಧ್ಯಕ್ಷೆ ಎಂ. ಕೇರಿ ಥಾಮಸ್ ಯೋಚಿಸಿದರು. 1921ರಲ್ಲಿ ಬೇಸಿಗೆ ಶಾಲೆ ಶುರುವಾಯಿತು. ಹಿಲ್ಡಾ ಸ್ಮಿತ್ ನಿರ್ದೇಶಕಿಯಾದರು. ಮೊದಲ ವರ್ಷ 82 ಮಂದಿ ಬಂದರು. ಬಟ್ಟೆ ಹೊಲಿಯುವವರು, ಗಿರಣಿಯವರು, ಹೈಸ್ಕೂಲು ಮುಗಿಸದವರೇ ಹೆಚ್ಚು. ಊಟ ವಸತಿಗೆ ವಿದ್ಯಾರ್ಥಿವೇತನ ಇತ್ತು, ಆದರೆ ಎಂಟು ವಾರದ ಕೂಲಿ ಹೋಯಿತಲ್ಲ! ವಾಪಸ್ ಹೋದಾಗ ಕೆಲಸ ಉಳಿದಿರುತ್ತದೆ ಎಂಬ ಖಾತ್ರಿಯೂ ಎಲ್ಲರಿಗೂ ಇರಲಿಲ್ಲ.

ಓದಿದ್ದು ಅರ್ಥಶಾಸ್ತ್ರ, ಇಂಗ್ಲಿಷ್ ಬರವಣಿಗೆ, ವಿಜ್ಞಾನ ಮುಂತಾದವು. ಎಷ್ಟೋ ಸಲ ಮರದ ನೆರಳಲ್ಲೇ ತರಗತಿ. ತಮ್ಮ ಕೂಲಿ ಏಕೆ ಇಷ್ಟೇ ಎಂಬುದೇ ಪಾಠ. ತಮ್ಮ ಬದುಕನ್ನು ತಾವೇ ಬರೆಯುತ್ತಿದ್ದರು. ಮಿಕ್ಕ ಹೊತ್ತಿನಲ್ಲಿ ಈಜು, ಟೆನಿಸ್, ನಾಟಕ. ಮಷೀನಿನ ಮುಂದೆ ದಿನವಿಡೀ ಬಗ್ಗಿ ಕೂರುವವರಿಗೆ ಆಟವೂ ಪಾಠದಷ್ಟೇ ಬೇಕು ಅಂತ ನಮಗನಿಸುತ್ತದೆ.

ನಮ್ಮ ಮನಸ್ಸಿಗೆ ಹೆಚ್ಚು ತಟ್ಟಿದ್ದು ಬೇರೆಯೇ. ಇವರಿಗೆ ಬಡಿಸುವವರು, ಕೋಣೆ ಗುಡಿಸುವವರು ಇದ್ದರು. ಜೀವಮಾನದಲ್ಲಿ ಮೊದಲ ಸಲ ಯಾರೋ ಸೇವೆ ಮಾಡುತ್ತಿದ್ದಾರೆ, ಆರಾಮಾಗಿ ಇರಬಹುದಿತ್ತು. ಇವರು ಹಾಗೆ ಮಾಡಲಿಲ್ಲ. ಆ ಕೆಲಸದವರಿಗೂ ದಿನಕ್ಕೆ 8 ಗಂಟೆ ದುಡಿಮೆ ಸಾಕು ಎಂದು ಕೇಳಿದರು.

ಇನ್ನೊಂದು, ಕಪ್ಪು ಜನಾಂಗದ ಹೆಂಗಸರ ಮಾತು. ಅವರನ್ನೂ ಸೇರಿಸಿಕೊಳ್ಳಬೇಕು ಎಂದು ವಿದ್ಯಾರ್ಥಿನಿಯರೇ ಒತ್ತಾಯಿಸಿದರು. 1926ರಲ್ಲಿ ಸೇರಿಸಿಕೊಂಡರು. ಅದೇ ಕಾಲೇಜಿನಿಂದ 1931ರಲ್ಲಿ ಪದವಿ ಪಡೆದ ಮೊದಲ ಕಪ್ಪು ವಿದ್ಯಾರ್ಥಿನಿ ಎನಿಡ್ ಕುಕ್ ಮಾತ್ರ ಆವರಣದ ಹೊರಗೇ ಇರಬೇಕಾಯಿತು. ಪಾಠಕ್ಕೆ ಒಳಗೆ, ನಿದ್ದೆಗೆ ಹೊರಗೆ! ದೊಡ್ಡ ಓದಿನವರಿಗೆ ಕಷ್ಟವಾದದ್ದನ್ನು ಹೊಲಿಗೆಯವರು ಮೊದಲೇ ಮಾಡಿದ್ದರು.

ದೂರದ ದೇಶದ ಸುದ್ದಿ ಅಂತ ನಗಬೇಡಿ. ನಮ್ಮ ತರಬೇತಿಗಳಲ್ಲೂ ಹಗಲು ಒಟ್ಟಿಗೆ ಕೂತು ಸಾಲದ ಲೆಕ್ಕ ಬರೆಯುತ್ತೇವೆ. ರಾತ್ರಿ ಯಾರ ಪಕ್ಕ ಯಾರ ಚಾಪೆ ಅನ್ನುವಾಗ ಗೆರೆ ಕಾಣುತ್ತದೆ. ಬಾಯಿ ಬಿಟ್ಟು ಯಾರೂ ಹೇಳುವುದಿಲ್ಲ, ಚಾಪೆ ಮಾತ್ರ ಮೆಲ್ಲಗೆ ಗೋಡೆ ಕಡೆ ಸರಿಯುತ್ತದೆ. ಬಡಿಸಲು ಒಬ್ಬರು ಎದ್ದರೆ ಕೆಲವರಿಗೆ ಇದ್ದಕ್ಕಿದ್ದಂತೆ ಹಸಿವಿರುವುದಿಲ್ಲ. ಇದನ್ನೆಲ್ಲ ನಾವು ನೋಡಿದ್ದೇವೆ.

ಆ ಶಾಲೆಗೂ ತೊಂದರೆ ಬಂತು. 1934ರಲ್ಲಿ ಹೊಲದ ಕೂಲಿಕಾರರ ಮುಷ್ಕರದ ವಿಷಯವಾಗಿ ಆಡಳಿತದವರ ಜೊತೆ ಜಗಳವಾಗಿ ಮರುವರ್ಷ ಬೇರೆ ಕಡೆ ನಡೆಯಿತು. 1938ರವರೆಗೆ ಬ್ರಿನ್ ಮಾರ್‌ನಲ್ಲಿತ್ತು, ಆಮೇಲೆ ಹಡ್ಸನ್ ನದಿ ದಡದಲ್ಲಿದ್ದ ಹಿಲ್ಡಾ ಸ್ಮಿತ್ ಅವರ ಮನೆಗೆ ಹೋಯಿತು.

ನಮ್ಮ ಮುಂದಿನ ವಸತಿ ತರಬೇತಿಯಲ್ಲಿ ಮಲಗುವ ಜಾಗವನ್ನು ಚೀಟಿ ಎತ್ತಿ ಹಂಚುತ್ತೇವೆ. ಬಡಿಸುವ ಸರದಿಯೂ ಹಾಗೆಯೇ. ಒಪ್ಪಿಗೆಯೋ ಇಲ್ಲವೋ, ನಿಮ್ಮ ವಾರದ ಸಭೆಯಲ್ಲಿ ಮಾತಾಡಿ ನಡಾವಳಿ ಪುಸ್ತಕದಲ್ಲಿ ಬರೆದು ತನ್ನಿ.