ಮಠ ಬಿಟ್ಟು ಓಡಿದ ಹುಡುಗ



ಚನ್ನಪಟ್ಟಣ ಎಂದೊಡನೆ ನೆನಪಾಗುವುದು ಆಲೆ ಮರದ ಬೊಂಬೆ, ಅರಗಿನ ಬಣ್ಣ. ಅದೇ ತಾಲ್ಲೂಕಿನಲ್ಲಿ, ಕಣ್ವ ನದಿಯ ದಂಡೆಯಲ್ಲಿ ಅಬ್ಬೂರು ಎಂಬ ಹಳ್ಳಿಯಿದೆ. ಸುಮಾರು ಐನೂರೈವತ್ತು ವರ್ಷಗಳ ಕೆಳಗೆ ಅಲ್ಲಿನ ಮಠದಿಂದ ಒಬ್ಬ ಹುಡುಗ ಓಡಿಹೋದ. ಇವತ್ತಿನ ಮಾತು ಅವನನ್ನು ಕುರಿತದ್ದು.

ಹೆಸರು ಯತಿರಾಜ, ಹುಟ್ಟೂರು ಬನ್ನೂರು. ಮಕ್ಕಳಿಲ್ಲದೆ ಕೊರಗುತ್ತಿದ್ದ ತಂದೆತಾಯಿ ಅಬ್ಬೂರಿನ ಬ್ರಹ್ಮಣ್ಯತೀರ್ಥರ ಬಳಿ ಬಂದರಂತೆ. ಮೂವರು ಮಕ್ಕಳಾಗುತ್ತಾರೆ, ಎರಡನೆಯವನನ್ನು ನನಗೆ ಕೊಡಿ ಎಂದರಂತೆ ಗುರುಗಳು. ಕೊಟ್ಟ ಮಾತಿನಂತೆ ಉಪನಯನವಾದ ಮೇಲೆ ಹುಡುಗ ಮಠ ಸೇರಿದ. ಹೀಗೆಂದು ಸಂಸ್ಕೃತದ ‘ವ್ಯಾಸಯೋಗಿಚರಿತ’ದಲ್ಲಿ ಬರೆದವನು ಸೋಮನಾಥ ಕವಿ, ಅದೇ ಕಾಲದವನು.

ಹುಡುಗನ ಬುದ್ಧಿ ಕಂಡು ಬೆರಗಾದ ಗುರುಗಳು ಅವನಿಗೆ ಸಂನ್ಯಾಸ ಕೊಡಲು ಮನಸ್ಸು ಮಾಡಿದರು. ಸುಳಿವು ಹತ್ತಿದ ಯತಿರಾಜ ಮಠ ಬಿಟ್ಟು ಹೊರಟೇಬಿಟ್ಟ. ದಾರಿಯಲ್ಲಿ ಮರದಡಿ ದಣಿವಾರಿಸಿಕೊಳ್ಳುವಾಗ ವಿಷ್ಣು ಕಾಣಿಸಿಕೊಂಡು, ಹಿಂದಿರುಗು ಎಂದನಂತೆ. ಹಿಂದಿರುಗಿದ. ಆಗ ಅವನಿಗೆ ಹದಿನಾರು ಇದ್ದೀತು ಎನ್ನುವುದು ವಿದ್ವಾಂಸ ಬಿ.ಎನ್.ಕೆ. ಶರ್ಮರ ಲೆಕ್ಕ. ಕಾವಿ ಉಟ್ಟು ವ್ಯಾಸತೀರ್ಥನಾದ ಆ ಹುಡುಗನೇ ನಾವು ಕೈಮುಗಿಯುವ ವ್ಯಾಸರಾಯರು.

ವ್ಯಾಸರಾಯರ ಮಹಿಮೆ ಹೇಳಲೆಂದೇ ಹೊರಟ ಕವಿ ಈ ಓಟವನ್ನು ಮುಚ್ಚಿಡಲಿಲ್ಲ ಎನ್ನುವುದು ನನಗೆ ಬಹಳ ಹಿಡಿಸಿದ ಸಂಗತಿ. ಹೆತ್ತವರು ಮಾಡಿಕೊಂಡ ಹರಕೆ ಮಗನದೂ ಆಗಬೇಕಾದರೆ ಅವನು ಒಮ್ಮೆ ಅದರಿಂದ ದೂರ ಹೋಗಿ ನಿಂತು ನೋಡಬೇಕಾಗಿತ್ತು.

1475-76ರ ಬರಗಾಲದಲ್ಲಿ ಬ್ರಹ್ಮಣ್ಯತೀರ್ಥರು ತೀರಿಕೊಂಡರು. ಹದಿಹರೆಯದ ಯತಿಯ ಹೆಗಲಿಗೆ ಇಡೀ ಮಠ ಬಿತ್ತು. ಬೇರೆಯವರಾಗಿದ್ದರೆ ಪೀಠದ ಮೇಲೆ ಭದ್ರವಾಗಿ ಕೂರುತ್ತಿದ್ದರು. ವ್ಯಾಸರಾಯರು ಕಂಚಿಗೆ ನಡೆದರು, ವಿದ್ಯಾರ್ಥಿಯಾಗಿ. ನ್ಯಾಯ, ಮೀಮಾಂಸೆ, ಸಾಂಖ್ಯ ಹೀಗೆ ಷಡ್ದರ್ಶನಗಳನ್ನು ಅಲ್ಲಿ ಕಲಿತರು. ತಮ್ಮದೇ ಆದ ಮಧ್ವಮತವನ್ನು ಆಳವಾಗಿ ಓದಿದ್ದು ಅದಾದ ಮೇಲೆ, ಮುಳಬಾಗಿಲಿನಲ್ಲಿ ಶ್ರೀಪಾದರಾಜರ ಬಳಿ, ಐದಾರು ವರ್ಷ. ಈ ಕ್ರಮವನ್ನು ಗಮನಿಸಿ. ಎದುರು ಪಕ್ಷದವರ ಮಾತನ್ನು ಅವರ ಬಾಯಿಂದಲೇ ಪೂರ್ತಿ ಕೇಳಿದ ಮೇಲೆ ತನ್ನ ನಂಬಿಕೆಯ ಪಾಠ.

ಶ್ರೀಪಾದರಾಜರ ಮಾತಿನಂತೆ ವಿಜಯನಗರದ ಸಾಳುವ ನರಸಿಂಹನ ಆಸ್ಥಾನಕ್ಕೆ ಹೋದದ್ದು, ಮುಂದೆ ಹಂಪಿಯಲ್ಲಿ ಕೃಷ್ಣದೇವರಾಯನ ಗೌರವಕ್ಕೆ ಪಾತ್ರರಾದದ್ದು ನಿಮಗೆ ತಿಳಿದ ಕಥೆ. ನಾನು ಅವರ ಬರವಣಿಗೆಯ ಕಡೆ ಬರುತ್ತೇನೆ.

‘ನ್ಯಾಯಾಮೃತ’, ‘ತಾತ್ಪರ್ಯಚಂದ್ರಿಕಾ’, ‘ತರ್ಕತಾಂಡವ’ ಈ ಮೂರನ್ನೂ ಸೇರಿಸಿ ವ್ಯಾಸತ್ರಯ ಎನ್ನುತ್ತಾರೆ. ಕಂಚಿಯ ಓದಿನ ಫಲ ಕಾಣುವುದು ಇಲ್ಲಿ. ಅದ್ವೈತದ ವಾದವನ್ನು ಒಂದೊಂದಾಗಿ ಎತ್ತಿಕೊಂಡು, ಅದು ಎಷ್ಟು ಬಲವಾಗಿ ನಿಲ್ಲಬಲ್ಲದೋ ಅಷ್ಟು ಬಲವಾಗಿ ಮೊದಲು ನಿಲ್ಲಿಸಿ, ಆಮೇಲೆ ಖಂಡಿಸುತ್ತಾರೆ. ‘ನ್ಯಾಯಾಮೃತ’ಕ್ಕೆ ಉತ್ತರವಾಗಿಯೇ ಮಧುಸೂದನ ಸರಸ್ವತಿ ‘ಅದ್ವೈತಸಿದ್ಧಿ’ ಬರೆದರು. ಅದಕ್ಕೆ ಮಾಧ್ವರು ಮರುತ್ತರ ಕೊಟ್ಟರು, ಅದ್ವೈತಿಗಳು ಮತ್ತೆ ಬರೆದರು. ಒಂದು ಪುಸ್ತಕ ತಲೆಮಾರುಗಳ ಕಾಲ ಎರಡೂ ಕಡೆಯವರನ್ನು ಓದಿಗೆ ಹಚ್ಚಿತು.

ಇಷ್ಟು ಬಿರುಸಾದ ಸಂಸ್ಕೃತ ಬರೆದ ಕೈಯೇ ಕನ್ನಡದಲ್ಲಿ ಕೃಷ್ಣನನ್ನು ಹತ್ತಿರ ಕರೆದು ಹಾಡಿತು. ‘ಸಿರಿಕೃಷ್ಣ’ ಅಂಕಿತದ ಆ ಹಾಡುಗಳಿಗೆ ತರ್ಕದ ಹಂಗಿಲ್ಲ. ಅಕ್ಷರ ಬಾರದ ಅಜ್ಜಿಯೂ ಹಾಡಿಕೊಳ್ಳಬಹುದು. ಪಂಡಿತರೊಡನೆ ಒಂದು ಭಾಷೆ, ಜನರೊಡನೆ ಇನ್ನೊಂದು; ಎರಡರಲ್ಲೂ ಅವರ ಮನಸ್ಸು ಪೂರ್ತಿ ಇತ್ತು. ಪುರಂದರದಾಸರು ಇವರ ಶಿಷ್ಯರೆಂಬುದನ್ನು ನೆನೆದರೆ ಈ ಎರಡನೆಯ ಭಾಷೆಯ ಬೆಲೆ ಗೊತ್ತಾಗುತ್ತದೆ.

ವ್ಯಾಸರಾಯರು 1539ರಲ್ಲಿ ತೀರಿಕೊಂಡರು. ಅವರ ಬೃಂದಾವನ ಇರುವುದು ಆನೆಗೊಂದಿಯ ಬಳಿ, ತುಂಗಭದ್ರೆಯ ನಡುಗಡ್ಡೆಯಲ್ಲಿ. ಅವರು ಬಿಟ್ಟೋಡಿ ಮತ್ತೆ ಬಂದು ಸೇರಿದ ಗುರುಗಳ ಬೃಂದಾವನ ಅಬ್ಬೂರಿನಲ್ಲೇ ಇದೆ. ಬೊಂಬೆ ಕೊಳ್ಳಲು ಚನ್ನಪಟ್ಟಣಕ್ಕೆ ಬಂದಾಗ ಅಲ್ಲಿಗೂ ಒಮ್ಮೆ ಹೋಗಿ ಬನ್ನಿ. ಹದಿನಾರರ ಮಗನೋ ಮಗಳೋ ಮನೆಯಲ್ಲಿದ್ದರೆ ಜೊತೆಗೆ ಕರೆದೊಯ್ಯಿರಿ.