ಬೆಂಗಳೂರು ಎಲ್ಲಿಗೆ ಮುಗಿಯುತ್ತದೆ?

(ಜಂಗಮಕೋಟೆಯಲ್ಲಿ ರೈತರು ಹಾಗೂ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹರೂಪ)



ಬೆಂಗಳೂರು ಎಲ್ಲಿಗೆ ಮುಗಿಯುತ್ತದೆ ಎಂದು ನಮ್ಮ ಅಜ್ಜಂದಿರನ್ನು ಕೇಳಿದ್ದರೆ ಹೆಬ್ಬಾಳದ ಕೆರೆ ಏರಿಯನ್ನು ತೋರಿಸುತ್ತಿದ್ದರು. ಅಪ್ಪಂದಿರನ್ನು ಕೇಳಿದರೆ ಯಲಹಂಕ ಎನ್ನುತ್ತಾರೆ. ಈಗ ದೇವನಹಳ್ಳಿ ದಾಟಿ ವಿಜಯಪುರದವರೆಗೂ ನಿವೇಶನಗಳ ಬೋರ್ಡುಗಳು ಸಾಲಾಗಿ ನಿಂತಿವೆ. ವಿಜಯಪುರದಿಂದ ಇಲ್ಲಿಗೆಷ್ಟು ದೂರ? ಹಾಗಾದರೆ ಜಂಗಮಕೋಟೆ ಮಹಾನಗರದ ಒಳಗಿದೆಯೋ, ಹೊರಗಿದೆಯೋ? ಕೇಳಲು ಇದು ಹರಟೆಯಂತಿದೆ. ಆದರೆ ಜಮೀನಿನ ಬೆಲೆ, ಕೆರೆಯ ನೀರು, ಪಂಚಾಯಿತಿಯ ಅಧಿಕಾರ ಎಲ್ಲವೂ ಈ ಪ್ರಶ್ನೆಯ ಕೊಂಡಿಗೇ ನೇತುಬಿದ್ದಿವೆ. ನಾನು ಭೂಗೋಳಶಾಸ್ತ್ರದ ಪಂಡಿತನಲ್ಲ, ಪತ್ರಿಕೆಯ ವರದಿಗಾರ. ಅಂಕಿಅಂಶಗಳನ್ನು ತಿರುವಿಹಾಕಿದಾಗ ಕಂಡದ್ದನ್ನು ನಿಮ್ಮ ಮುಂದಿಡುತ್ತೇನೆ.

ಮೊದಲು ಆ ದೊಡ್ಡ ಪದವನ್ನೇ ನೋಡೋಣ. 1992ರ 74ನೆಯ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಸೇರಿದ ಅರ್ಥವಿವರಣೆಯ ಪ್ರಕಾರ ಮಹಾನಗರ ಪ್ರದೇಶವೆಂದರೆ ಹತ್ತು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನರಿರುವ, ಎರಡು ಅಥವಾ ಹೆಚ್ಚು ಪುರಸಭೆ, ಪಂಚಾಯಿತಿಗಳನ್ನು ಒಳಗೊಂಡ ಪ್ರದೇಶ. ಪಂಚಾಯಿತಿ ಎಂಬ ಮಾತನ್ನು ಗಮನಿಸಿ. ಹಳ್ಳಿಗಳೂ ಮಹಾನಗರ ಪ್ರದೇಶದೊಳಗೆ ಇರಬಹುದು ಎಂದು ಸಂವಿಧಾನವೇ ಹೇಳುತ್ತದೆ.

2011ರ ಜನಗಣತಿಯಲ್ಲಿ ನಮ್ಮ ರಾಜ್ಯದಲ್ಲಿ ಹತ್ತು ಲಕ್ಷ ದಾಟಿದ ನಗರ ಸಮೂಹ ಒಂದೇ ಒಂದು: ಬೆಂಗಳೂರು, ಸುಮಾರು 85 ಲಕ್ಷ. ಮೈಸೂರು, ಹುಬ್ಬಳ್ಳಿ-ಧಾರವಾಡಗಳು ಹತ್ತು ಲಕ್ಷದ ಹೊಸ್ತಿಲವರೆಗೆ ಬಂದು ನಿಂತವು. ಎಂದರೆ 85 ಲಕ್ಷದಿಂದ ನೇರವಾಗಿ ಹತ್ತು ಲಕ್ಷದ ಕೆಳಕ್ಕೆ ಇಳಿಯಬೇಕು. ನಡುವೆ ಮೆಟ್ಟಿಲೇ ಇಲ್ಲ. ಪಕ್ಕದ ತಮಿಳುನಾಡಿನಲ್ಲಿ ಅದೇ ವರ್ಷ ಚೆನ್ನೈ ಜೊತೆಗೆ ಕೊಯಮತ್ತೂರು, ಮದುರೆ, ತಿರುಚಿರಾಪಳ್ಳಿಗಳೂ ಹತ್ತು ಲಕ್ಷದ ಪಟ್ಟಿಯಲ್ಲಿದ್ದವು. ಮಧ್ಯಮ ಗಾತ್ರದ ಮಹಾನಗರ ಎಂಬುದೇ ನಮ್ಮಲ್ಲಿ ಬೆಳೆಯಲಿಲ್ಲ. ಕೆಲಸ ಹುಡುಕುವ ಹುಡುಗ ಬೀದರ್‌ನವನಾದರೂ, ಬಾಗೇಪಲ್ಲಿಯವನಾದರೂ ಬೆಂಗಳೂರಿನ ಬಸ್ಸನ್ನೇ ಹತ್ತಬೇಕು. ಬೆಂಗಳೂರು ಹೀಗೆ ನಮ್ಮ ಕಡೆಗೆ ತಳ್ಳಿಕೊಂಡು ಬರುತ್ತಿರುವುದಕ್ಕೆ ಇದೂ ಒಂದು ಕಾರಣ ಎಂಬುದು ನನ್ನ ಅಭಿಪ್ರಾಯ.

ಬೆಂಗಳೂರಿನ ಬೆಳವಣಿಗೆಯ ಲೆಕ್ಕ ಹೀಗಿದೆ. 1941ರಲ್ಲಿ ಸುಮಾರು ನಾಲ್ಕು ಲಕ್ಷ, 1951ರಲ್ಲಿ ಏಳೂಮುಕ್ಕಾಲು ಲಕ್ಷ, 1991ರಲ್ಲಿ 41 ಲಕ್ಷ, 2001ರಲ್ಲಿ 57 ಲಕ್ಷ, 2011ರಲ್ಲಿ 85 ಲಕ್ಷ. ಇಷ್ಟೂ ಜನ ಹುಟ್ಟಿದ್ದರಿಂದ, ವಲಸೆ ಬಂದದ್ದರಿಂದಲೇ ಹೆಚ್ಚಾದರು ಎಂದುಕೊಳ್ಳಬೇಡಿ. ನಗರವೂ ಊರುಗಳತ್ತ ನಡೆದುಹೋಗಿದೆ. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದಾಗ ಸುತ್ತಲಿನ ಏಳು ನಗರಸಭೆಗಳು, ಒಂದು ಪುರಸಭೆ, ನೂರಕ್ಕೂ ಹೆಚ್ಚು ಹಳ್ಳಿಗಳು ಅದರೊಳಗೆ ಸೇರಿದವು. ರಾತ್ರಿ ಹಳ್ಳಿಯಲ್ಲಿ ಮಲಗಿದವರು ಬೆಳಿಗ್ಗೆ ಮಹಾನಗರದಲ್ಲಿ ಎದ್ದರು.

ಕೇರಳದ ಮಲಪ್ಪುರಂ ಇದಕ್ಕಿಂತಲೂ ಸೋಜಿಗ. 2001ರಲ್ಲಿ ಸುಮಾರು 1.7 ಲಕ್ಷ ಜನರಿದ್ದ ಆ ನಗರ ಸಮೂಹ 2011ರಲ್ಲಿ ಸುಮಾರು 17 ಲಕ್ಷವಾಯಿತು! ಯಾರೂ ಗಂಟುಮೂಟೆ ಕಟ್ಟಿಕೊಂಡು ಅಲ್ಲಿಗೆ ನುಗ್ಗಲಿಲ್ಲ. ಸುತ್ತಲಿನ ಹಳ್ಳಿಗಳನ್ನು ಗಣತಿಯವರು ಪಟ್ಟಣಗಳೆಂದು ಲೆಕ್ಕ ಹಿಡಿದರು, ಅಷ್ಟೆ.

ಹಾಗಾದರೆ ಹಳ್ಳಿಯೊಂದು ಗಣತಿಯ ಕಣ್ಣಿಗೆ ಪಟ್ಟಣವಾಗುವುದು ಯಾವಾಗ? ಅಲ್ಲಿ ಕನಿಷ್ಠ 5,000 ಜನರಿರಬೇಕು. ಚದರ ಕಿಲೋಮೀಟರಿಗೆ ಕನಿಷ್ಠ 400 ಜನ ವಾಸವಿರಬೇಕು. ಮುಖ್ಯ ಕಸುಬಿನ ಗಂಡಸರಲ್ಲಿ ಕನಿಷ್ಠ ಶೇ 75 ಮಂದಿ ಬೇಸಾಯ ಬಿಟ್ಟು ಬೇರೆ ಕೆಲಸದಲ್ಲಿರಬೇಕು. ಈ ಮೂರೂ ಒಟ್ಟಿಗೆ ಕೂಡಿಬರಬೇಕು. 2001ರಿಂದ 2011ರ ನಡುವೆ ಇಂಥ 'ಗಣತಿ ಪಟ್ಟಣ'ಗಳ ಸಂಖ್ಯೆ ದೇಶದಲ್ಲಿ 1,362ರಿಂದ 3,890ಕ್ಕೂ ಮೇಲೇರಿತು. ಹೆಸರು ಪಟ್ಟಣ, ಆಡಳಿತ ಮಾತ್ರ ಗ್ರಾಮ ಪಂಚಾಯಿತಿಯದೇ. ಚರಂಡಿ ನಗರದ್ದು ಬೇಕು, ದುಡ್ಡು ಹಳ್ಳಿಯದು.

ಮೂರನೆಯ ಅಳತೆಗೋಲಿನ ಬಳಿ ಸ್ವಲ್ಪ ನಿಲ್ಲಬೇಕು. ಲೆಕ್ಕಕ್ಕೆ ಹಿಡಿಯುವುದು ಗಂಡಸರನ್ನು ಮಾತ್ರ. ನಮ್ಮ ಸೀಮೆಯ ಬದುಕು ನಿಂತಿರುವುದು ರೇಷ್ಮೆಯ ಮೇಲೆ. ರಾಜ್ಯದಲ್ಲಿ ರಾಮನಗರವನ್ನು ಬಿಟ್ಟರೆ ದೊಡ್ಡ ಗೂಡಿನ ಮಾರುಕಟ್ಟೆ ಶಿಡ್ಲಘಟ್ಟದ್ದೇ. ಹುಳುಮನೆಯಲ್ಲಿ ಸೊಪ್ಪು ಹಾಕುವವರು ಯಾರು? ಕಸ ತೆಗೆಯುವವರು, ಹಣ್ಣಾದ ಹುಳುವನ್ನು ಆರಿಸಿ ಚಂದ್ರಿಕೆಗೆ ಬಿಡುವವರು ಯಾರು? ಇಲ್ಲಿ ಕುಳಿತಿರುವ ತಾಯಂದಿರು ನಗುತ್ತಿದ್ದಾರೆ. ಉತ್ತರ ಅವರಿಗೇ ಗೊತ್ತು. ಹಿಪ್ಪುನೇರಳೆ ತೋಟದಿಂದ ನೂಲು ಬಿಚ್ಚುವ ಬಿಸಿನೀರಿನ ಬೇಸಿನ್‌ವರೆಗೆ ಹೆಂಗಸರ ಕೈ ಇಲ್ಲದ ಹಂತವಿಲ್ಲ. ಆದರೆ ಊರು ಹಳ್ಳಿಯೋ ಪಟ್ಟಣವೋ ಎಂದು ತೀರ್ಮಾನಿಸುವ ಹೊತ್ತಿಗೆ ಆ ಕೈಗಳು ಎಣಿಕೆಗೇ ಬರುವುದಿಲ್ಲ. ಮಗ ವಿಮಾನ ನಿಲ್ದಾಣದ ಕೆಲಸಕ್ಕೆ ಹೋದರೆ ಆ ಮನೆ ಪಟ್ಟಣದ ಕಡೆಗೆ ಒಂದು ಹೆಜ್ಜೆ ಇಟ್ಟಂತೆ. ಅದೇ ಮನೆಯಲ್ಲಿ ತಾಯಿ ತಿಂಗಳಿಗೊಂದು ಬೆಳೆ ಹುಳು ಮೇಯಿಸಿದರೆ ಅದು ಈ ತಕ್ಕಡಿಯಲ್ಲಿ ಯಾವ ಕಡೆಗೂ ತೂಗುವುದಿಲ್ಲ.

ಇನ್ನು ನಮ್ಮ ಜಿಲ್ಲೆಯ ಮಾತು. 2007ರಲ್ಲಿ ಕೋಲಾರದಿಂದ ಬೇರೆಯಾದ ಚಿಕ್ಕಬಳ್ಳಾಪುರ ಜಿಲ್ಲೆಯ ಜನಸಂಖ್ಯೆ 2011ರಲ್ಲಿ 12,55,104. ಪಟ್ಟಣವಾಸಿಗಳು ಶೇ 22ರಷ್ಟು. ರಾಜ್ಯದ ಸರಾಸರಿ ಶೇ 38ಕ್ಕಿಂತ ಹೆಚ್ಚು. ಚಿಂತಾಮಣಿ ಸುಮಾರು 76 ಸಾವಿರ, ಚಿಕ್ಕಬಳ್ಳಾಪುರ 64 ಸಾವಿರ, ಶಿಡ್ಲಘಟ್ಟ 51 ಸಾವಿರ, ಗೌರಿಬಿದನೂರು 38 ಸಾವಿರ. ನಾಲ್ಕೂ ಕೂಡಿದರೆ ಎರಡೂಕಾಲು ಲಕ್ಷದ ಮೇಲೆ ಚೂರು. ಚದರ ಕಿಲೋಮೀಟರಿಗೆ ಬೆಂಗಳೂರು ನಗರ ಜಿಲ್ಲೆಯಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಜನರಿದ್ದರೆ ನಮ್ಮಲ್ಲಿ ಮುನ್ನೂರರ ಆಸುಪಾಸು. ಈ ಅಂಕಿಗಳನ್ನು ನೋಡಿದವರು ಇದು ಶುದ್ಧ ಹಳ್ಳಿಗಾಡು ಎಂದೇ ಹೇಳುತ್ತಾರೆ.

ಸರ್ಕಾರದ ನಕ್ಷೆಯೂ ಹಾಗೆಯೇ ಹೇಳಿತು. 1985ರ ಕಾಯ್ದೆಯಂತೆ ರೂಪುಗೊಂಡ ಬೆಂಗಳೂರು ಮಹಾನಗರ ಪ್ರದೇಶಾಭಿವೃದ್ಧಿ ಪ್ರಾಧಿಕಾರದ ವ್ಯಾಪ್ತಿ ಸುಮಾರು ಎಂಟು ಸಾವಿರ ಚದರ ಕಿಲೋಮೀಟರು. ಅತ್ತ ಕನಕಪುರ, ಮಾಗಡಿಗಳೆಲ್ಲ ಅದರೊಳಗೆ ಬಂದವು; ಇತ್ತ ಗೆರೆ ದೇವನಹಳ್ಳಿ ತಾಲ್ಲೂಕಿನ ಅಂಚಿಗೆ ನಿಂತಿತು. ಅದು ಆಗಿನ ಕೋಲಾರ ಜಿಲ್ಲೆಯ ಗಡಿ. ಭೂಗೋಳ ಅಲ್ಲ, ಕಂದಾಯ ಇಲಾಖೆಯ ಗೆರೆ ಅದು. ಈಚೆಗೆ ಹೆಸರುಗಳ ಸುಗ್ಗಿಯೂ ನಡೆದಿದೆ. 2025ರಲ್ಲಿ ರಾಮನಗರ ಜಿಲ್ಲೆ ಬೆಂಗಳೂರು ದಕ್ಷಿಣವಾಯಿತು. ಬೆಂಗಳೂರು ಗ್ರಾಮಾಂತರವನ್ನು ಬೆಂಗಳೂರು ಉತ್ತರ ಎಂದು ಕರೆಯಲು ಅದೇ ಜುಲೈನಲ್ಲಿ ಸಂಪುಟ ತೀರ್ಮಾನಿಸಿದ್ದು ನಮ್ಮ ನಂದಿ ಬೆಟ್ಟದ ಮೇಲೆ ಕುಳಿತು.

ನೀರು ಮಾತ್ರ ಕಂದಾಯದ ಗೆರೆಯನ್ನು ಕೇಳುವುದಿಲ್ಲ. ನಂದಿಯ ಸುತ್ತಲಿನ ಬೆಟ್ಟಸಾಲಿನಲ್ಲಿ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿಗಳು ಹುಟ್ಟುತ್ತವೆ. ಒಂದು ಗೌರಿಬಿದನೂರಿನ ಮೂಲಕ ಆಂಧ್ರಕ್ಕೆ, ಇನ್ನೊಂದು ಹೊಸಕೋಟೆಯ ಕಡೆಯಿಂದ ತಮಿಳುನಾಡಿಗೆ, ಮತ್ತೊಂದು ಕಾವೇರಿಗೆ. ಮೂರು ನದಿಗಳ ತವರಾದರೂ ವರ್ಷವಿಡೀ ಹರಿಯುವ ಒಂದು ಹೊಳೆ ಇಲ್ಲ. ಆದ್ದರಿಂದಲೇ ಕೆರೆಗಳು, ಕೆರೆ ಒಣಗಿದ ಮೇಲೆ ಸಾವಿರ ಅಡಿ ಮೀರಿದ ಕೊಳವೆಬಾವಿಗಳು. ಈಗ ಹೆಬ್ಬಾಳ-ನಾಗವಾರ ಕಣಿವೆ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಎರಡನೆಯ ಹಂತದವರೆಗೆ ಶುದ್ಧೀಕರಿಸಿ ಪಂಪ್ ಮಾಡಿ ಈ ಕಡೆಯ ಕೆರೆಗಳಿಗೆ ತುಂಬಿಸಲಾಗುತ್ತಿದೆ. ಯೋಜನೆಯ ಗುರಿ ದಿನಕ್ಕೆ 21 ಕೋಟಿ ಲೀಟರ್, 65 ಕೆರೆಗಳು. ಕಾವೇರಿ ನೀರು ನಮ್ಮ ಸೀಮೆಗೆ ಬರಲೇ ಇಲ್ಲ ಎಂದು ಹಿರಿಯರು ಕೊರಗುವುದುಂಟು. ಬಂದಿದೆ ಸ್ವಾಮಿ, ಬೆಂಗಳೂರಿನ ಬಚ್ಚಲು ಸುತ್ತಿಕೊಂಡು ಬಂದಿದೆ! ಅಂತರ್ಜಲ ಏರಿತೆಂದು ಸಂತೋಷಪಡುವವರಿದ್ದಾರೆ. ಮೂರನೆಯ ಹಂತದ ಶುದ್ಧೀಕರಣವಿಲ್ಲದೆ ಈ ನೀರು ಬೇಡ ಎಂದು ಹೋರಾಡುತ್ತಿರುವವರೂ ಇದ್ದಾರೆ. ಹೋರಾಟಗಾರರ ಬೇಡಿಕೆ ನ್ಯಾಯವಾದದ್ದು ಎಂದೇ ನನಗನಿಸುತ್ತದೆ. ಮಹಾನಗರದ ಹೊರಗಿನವರಿಗೆ ಮಹಾನಗರದ ಕೊಳೆಯಾದರೂ ಯಾಕೆ?

ಭೂಮಿಯದು ಇನ್ನೂ ಬಿಸಿಯಾದ ವಿಷಯ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದಂದಿನಿಂದ ಬೆಂಗಳೂರಿನ ತೂಕ ಉತ್ತರಕ್ಕೆ ವಾಲಿದೆ. ಪಕ್ಕದ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ ಸ್ವಾಧೀನವನ್ನು ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ವಿರೋಧಿಸಿದರು. 2025ರ ಜುಲೈ 15ರಂದು ಸರ್ಕಾರ ಅದನ್ನು ಕೈಬಿಟ್ಟಿತು. ನಮ್ಮ ಜಂಗಮಕೋಟೆ ಹೋಬಳಿಯಲ್ಲಿಯೂ ಕೈಗಾರಿಕೆಗಾಗಿ 2,800ಕ್ಕೂ ಹೆಚ್ಚು ಎಕರೆ ಗುರುತಿಸಲಾಗಿದ್ದು, ಕೊಡುತ್ತೇವೆ ಎನ್ನುವವರು, ಕೊಡೆವು ಎನ್ನುವವರು ಇಬ್ಬರೂ ಬೀದಿಗೆ ಇಳಿದದ್ದನ್ನು ನೀವು ಕಂಡಿದ್ದೀರಿ.

ಇಲ್ಲಿ ಗಣತಿಯ ಗೆರೆಗೂ ಜೇಬಿಗೂ ನಂಟಿದೆ. 2013ರ ಕೇಂದ್ರ ಭೂಸ್ವಾಧೀನ ಕಾಯ್ದೆಯಲ್ಲಿ ಮಾರುಕಟ್ಟೆ ಬೆಲೆಯನ್ನು ಗ್ರಾಮೀಣ ಪ್ರದೇಶದಲ್ಲಿ ಒಂದರಿಂದ ಎರಡರವರೆಗಿನ ಅಂಕದಿಂದ ಗುಣಿಸಬೇಕು. ಅಂಕ ನಿರ್ಧಾರವಾಗುವುದು ನಗರ ಪ್ರದೇಶದಿಂದ ಇರುವ ದೂರದ ಮೇಲೆ. ನಗರ ಪ್ರದೇಶವಾದರೆ ಗುಣಕ ಒಂದೇ. ಅದರ ಮೇಲೆ ಅಷ್ಟೇ ಮೊತ್ತದ ಸಾಂತ್ವನ ಧನ. ಲೆಕ್ಕ ಹಾಕಿ ನೋಡಿ: ಎಕರೆಯ ಮಾರುಕಟ್ಟೆ ಬೆಲೆ 50 ಲಕ್ಷವೆಂದಿಟ್ಟುಕೊಳ್ಳಿ. ಗುಣಕ ಒಂದಾದರೆ ಒಂದು ಕೋಟಿ, ಎರಡಾದರೆ ಎರಡು ಕೋಟಿ. ನಗರ ಹತ್ತಿರ ಬಂದರೆ ಪೇಟೆಯ ಬೆಲೆ ಏರುತ್ತದೆ ಎಂಬುದೂ ನಿಜ. ಆದರೆ ನೋಂದಣಿ ಪತ್ರದಲ್ಲಿ ಕಾಣಿಸುವ ಬೆಲೆ ಪೇಟೆಯ ಬೆಲೆಯ ಹಿಂದೆ ಕುಂಟುತ್ತ ಬರುವುದು ಇಲ್ಲಿ ಯಾರಿಗೆ ತಿಳಿಯದು?

2021ರಲ್ಲಿ ನಡೆಯಬೇಕಿದ್ದ ಗಣತಿ ಕೋವಿಡ್‌ನಿಂದಾಗಿ ಮುಂದಕ್ಕೆ ಹೋಯಿತು. ಆದ್ದರಿಂದಲೇ ನಾನು ಇಷ್ಟು ಹೊತ್ತು ಹಳೆಯ ಅಂಕಿಗಳನ್ನೇ ಹೇಳಬೇಕಾಯಿತು. ಹೊಸ ಗಣತಿಗೆ ನಿಗದಿಯಾಗಿರುವ ಆಧಾರ ದಿನ 2027ರ ಮಾರ್ಚ್ 1. ಮನೆಗೆ ಬಂದ ಗಣತಿದಾರರು ನಿಮ್ಮ ಮುಖ್ಯ ಕೆಲಸವೇನು, ವರ್ಷದಲ್ಲಿ ಆರು ತಿಂಗಳಿಗಿಂತ ಹೆಚ್ಚು ಮಾಡುತ್ತೀರಾ ಎಂದು ಕೇಳಿದಾಗ, 'ನಮ್ಮಾಕೆ ಮನೆಯಲ್ಲೇ ಇರ್ತಾಳೆ' ಎಂದು ಯಜಮಾನರು ಜಗಲಿಯಿಂದಲೇ ಉತ್ತರ ಕೊಟ್ಟು ಕಳಿಸಬೇಡಿ. ಹುಳುಮನೆಯಲ್ಲಿ ಸೊಪ್ಪು ಹಾಕುತ್ತಿರುವವರನ್ನು ಹೊರಗೆ ಕರೆಯಿರಿ, ಅವರೇ ಹೇಳಲಿ.